ಕ್ಲಿಕ್ ಆದ ಮೇಲಿನ ದಾರಿ: ಡಿಜಿಟಲ್ಲೋ, ರೀಲೋ?

1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ದೇಶಗಳ ಎರಡನೆಯ ಶೃಂಗಸಭೆ ನಡೆದಾಗ ನಾಯಕರು ಬಿಡುವಿನ ಮಾತುಕತೆಗೆಂದು ನಂದಿ ಬೆಟ್ಟಕ್ಕೂ ಬಂದರು. ಆ ಕಾಲದಲ್ಲಿ ಪತ್ರಿಕೆಗೆ ಚಿತ್ರ ಎಂದರೆ ರೀಲು. ಬೆಟ್ಟದ ಮೇಲೆ ಎಂಥ ಒಳ್ಳೆಯ ಗಳಿಗೆ ಸಿಕ್ಕಿದ್ದರೂ ರೀಲು ಘಾಟಿ ಇಳಿದು, ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರು ಸೇರಿ, ಕತ್ತಲೆಕೋಣೆಯಲ್ಲಿ ತೊಳೆದು ಒಣಗುವವರೆಗೆ ಯಾರ ಕೈಗೂ ಏನೂ ಬರುತ್ತಿರಲಿಲ್ಲ. ಇಂದು ಅದೇ ಬೆಟ್ಟದಲ್ಲಿ ನಿಂತವರು ಸೂರ್ಯ ಪೂರ್ತಿ ಮೇಲೇರುವ ಮುನ್ನವೇ ಸೂರ್ಯೋದಯದ ಚಿತ್ರವನ್ನು ಮನೆಯವರ ಫೋನಿಗೆ ಕಳಿಸಿರುತ್ತಾರೆ.

ಡಿಜಿಟಲ್ ಬಂದು ಇಷ್ಟು ವರ್ಷವಾದ ಮೇಲೂ ‘ಯಾವ ಕ್ಯಾಮೆರಾ ಕೊಳ್ಳಲಿ’ ಎಂಬ ಪ್ರಶ್ನೆ ಮುಗಿದಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಯಾಶಿಕಾ ಹಿಡಿದು ರೀಲು ಎಲ್ಲಿ ಸಿಗುತ್ತದೆ ಎಂದು ಕೇಳುವ ಕಾಲೇಜು ಹುಡುಗರಿದ್ದಾರೆ. ಮದುವೆ ಚಿತ್ರಗಳ ಕೆಲಸಕ್ಕೆ ಇಳಿಯಬೇಕೆಂದು ಸಾಲಕ್ಕೆ ಲೆಕ್ಕ ಹಾಕುತ್ತಿರುವವರಿದ್ದಾರೆ. ಇವರೆಲ್ಲ ಸಾಮಾನ್ಯವಾಗಿ ಹೋಲಿಸುವುದು ಚಿತ್ರದ ಅಂದವನ್ನು. ಹೋಲಿಸಬೇಕಾದದ್ದು ಕ್ಲಿಕ್ ಆದ ಮೇಲಿನ ದಾರಿಯನ್ನು: ಚಿತ್ರ ಯಾರಿಗೆ ಬೇಕು, ಎಷ್ಟು ಬೇಗ ಬೇಕು, ತಪ್ಪಿದರೆ ಇನ್ನೊಮ್ಮೆ ತೆಗೆಯಲು ಆಗುತ್ತದೆಯೇ, 20 ವರ್ಷದ ನಂತರ ಅದು ಎಲ್ಲಿರಬೇಕು. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಕ್ಯಾಮೆರಾ ತಾನಾಗಿಯೇ ಗೊತ್ತಾಗುತ್ತದೆ.

ರೀಲಿನಿಂದ ಕಾರ್ಡಿಗೆ

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದು ರೀಲು ಮಾರುವ ಕಂಪನಿಯಲ್ಲೇ. 1975ರಲ್ಲಿ ಕೊಡಾಕ್‌ನ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮಾದರಿ ಸುಮಾರು ಮೂರೂವರೆ ಕಿಲೋ ತೂಗುತ್ತಿತ್ತು. ಅದು 0.01 ಮೆಗಾಪಿಕ್ಸೆಲ್‌ನ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1999ರಲ್ಲಿ ನಿಕಾನ್ ಡಿ1 ಬಂದಾಗ ಪತ್ರಿಕಾ ಛಾಯಾಗ್ರಾಹಕರು ಹೊರಳತೊಡಗಿದರು. 2003ರ ಕ್ಯಾನನ್ 300ಡಿ ಹವ್ಯಾಸಿಗಳನ್ನೂ ಸೆಳೆಯಿತು. 2010ರಲ್ಲಿ ಜಪಾನಿನ ತಯಾರಕರು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿ ದಾಟಿತು. ಆಮೇಲೆ ಫೋನುಗಳು ಆ ಮಾರುಕಟ್ಟೆಯ ಬಹುಭಾಗವನ್ನು ತಿಂದುಹಾಕಿದವು.

ರೀಲು ಮಾತ್ರ ಸಾಯಲಿಲ್ಲ. ನಮ್ಮ ದೇಶದ್ದೇ ಆದ ‘ಇಂದು’ ಫಿಲಂ ತಯಾರಿಸುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿಹೋಯಿತು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಆದರೂ ಕೊಡಾಕ್ ಹೆಸರಿನ ಬಣ್ಣದ ರೀಲು, ಇಲ್ಫರ್ಡ್‌ನ ಕಪ್ಪು-ಬಿಳುಪು ರೀಲು ಇಂದಿಗೂ ತಯಾರಾಗುತ್ತಿವೆ. ಲೈಕಾ 2022ರಲ್ಲಿ ತನ್ನ ಎಂ6 ಮಾದರಿಯನ್ನು ಮತ್ತೆ ತಂದಿತು, 2024ರಲ್ಲಿ ಪೆಂಟಾಕ್ಸ್ ಹೊಸದೊಂದು ರೀಲು ಕ್ಯಾಮೆರಾ ಬಿಡುಗಡೆ ಮಾಡಿತು. ಹಾಗಾಗಿ ಇಂದು ರೀಲು ಹಾಕುವವರು ಸತ್ತುಹೋದ ತಂತ್ರವನ್ನು ಹಿಡಿದುಕೊಂಡು ಕೂತವರೇನಲ್ಲ. ಆದರೆ ಅವರು ದುಬಾರಿಯಾದ, ನಿಧಾನವಾದ ದಾರಿಯೊಂದನ್ನು ತಿಳಿದೇ ಆರಿಸಿಕೊಂಡಿರಬೇಕು.

ಒಂದು ದಿನ, ಮೂರು ಬಗೆಯ ಬೆಳಕು

ಎರಡರ ವ್ಯತ್ಯಾಸ ಅರಿಯಲು ಚಿಕ್ಕಬಳ್ಳಾಪುರದ ಸುತ್ತಿನ ಒಂದು ದಿನದ ತಿರುಗಾಟ ಸಾಕು. ಬೆಳಗಿನ ಜಾವ ನಂದಿ ಬೆಟ್ಟ, ಹೊತ್ತೇರಿದ ಮೇಲೆ ಬುಡದ ಭೋಗನಂದೀಶ್ವರ ದೇವಾಲಯ, ಮಧ್ಯಾಹ್ನಕ್ಕೆ ಮುದ್ದೇನಹಳ್ಳಿ.

ಬೆಟ್ಟದ ಎತ್ತರ 1,478 ಮೀಟರ್. ಚಳಿಗಾಲದ ಮುಂಜಾನೆ ಮಂಜು ಕವಿದಿರುತ್ತದೆ, ಬೆಳಕು ಕಡಿಮೆ. ರೀಲಿನ ವೇಗ ಒಮ್ಮೆ ಹಾಕಿದ ಮೇಲೆ 36 ಚಿತ್ರ ಮುಗಿಯುವವರೆಗೂ ಅದೇ. ಐಎಸ್ಒ 100ರ ರೀಲು ಹಾಕಿಕೊಂಡು ಹೋದವರು ಟ್ರೈಪಾಡ್ ಇಲ್ಲದೆ ಆ ಹೊತ್ತಿನಲ್ಲಿ ಏನೂ ಮಾಡಲಾರರು. ಡಿಜಿಟಲ್‌ನಲ್ಲಿ ಪ್ರತಿ ಚಿತ್ರಕ್ಕೂ ಐಎಸ್ಒ ಬದಲಿಸಬಹುದು. ಆದರೆ ಮಂಜಿನ ತೇವ ಎರಡಕ್ಕೂ ಕಾಟವೇ. ಎ.ಸಿ. ಹಾಕಿದ ಕಾರಿನಿಂದ ತಂಪಾದ ಕ್ಯಾಮೆರಾ ತೆಗೆದು ತೇವದ ಗಾಳಿಗೆ ಒಡ್ಡಿದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಬ್ಯಾಗಿನ ಜಿಪ್ ತೆರೆಯದೆ ಕಾಲು ಗಂಟೆ ಹೊರಗಿಟ್ಟರೆ ಈ ತೊಂದರೆ ಇರದು.

ಭೋಗನಂದೀಶ್ವರದಲ್ಲಿ ಪರೀಕ್ಷೆ ಬೇರೆ. ಹೊರಗಿನ ಪ್ರಾಕಾರದಲ್ಲಿ ಕಣ್ಣು ಕುಕ್ಕುವ ಬಿಸಿಲು, ಒಳಗಿನ ಕರಿಕಲ್ಲಿನ ಕಲ್ಯಾಣಮಂಟಪದಲ್ಲಿ ಮಬ್ಬು. ಐಎಸ್ಒ 400ರ ರೀಲಿನಲ್ಲಿ ಲೆನ್ಸನ್ನು ಎಫ್/2ಕ್ಕೆ ತೆರೆದರೂ ಇಂಥ ಮಬ್ಬಿನಲ್ಲಿ ಶಟರ್ ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಯಬಹುದು. ಅಷ್ಟು ಹೊತ್ತು ಕೈ ಅಲುಗದಂತೆ ಹಿಡಿಯುವುದು ಕಷ್ಟ, ಕಂಬದ ಹತ್ತಿರದ ಕೆತ್ತನೆಯೂ ಹಿಂದಿನ ಗೋಡೆಯೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಡಿಜಿಟಲ್‌ನಲ್ಲಿ 6,400ಕ್ಕೆ ಏರಿಸಿದರೆ ಅದೇ ಜಾಗದಲ್ಲಿ ಎಫ್/5.6ರಲ್ಲಿ 60ನೇ ಒಂದು ಭಾಗ ಸಿಗುತ್ತದೆ. ಸಂಶೋಧನೆಗೆ, ಪುಸ್ತಕಕ್ಕೆ ಶಿಲ್ಪಗಳ ದಾಖಲೆ ಮಾಡುವವರಿಗೆ ಇದು ದೊಡ್ಡ ಅನುಕೂಲ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಇಡುವ ಯೋಚನೆಯಿದ್ದರೆ ಮೊದಲೇ ಅನುಮತಿ ಪಡೆಯಬೇಕು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಅರ್ಚಕರನ್ನು ಕೇಳಬೇಕು.

ಹೊರಗಿನ ಬಿಸಿಲಿನಲ್ಲಿ ಮಾತ್ರ ರೀಲಿಗೆ ತನ್ನದೇ ಶಕ್ತಿಯಿದೆ. ಬಣ್ಣದ ನೆಗೆಟಿವ್ ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ. ಎರಡು ಸ್ಟಾಪ್ ಹೆಚ್ಚಾದರೂ ಮೋಡದ ವಿವರ ಉಳಿದಿರುತ್ತದೆ. ಅದಕ್ಕೆ ಬೆಳಕು ಕಡಿಮೆಯಾದರೆ ನೆರಳು ಮಣ್ಣುಬಣ್ಣಕ್ಕೆ ತಿರುಗುತ್ತದೆ. ಡಿಜಿಟಲ್‌ನ ಗುಣ ಇದಕ್ಕೆ ತಿರುಗುಮುರುಗು. ನೆರಳಿನಿಂದ ವಿವರ ಹೊರತೆಗೆಯಬಹುದು, ಸುಟ್ಟುಹೋದ ಬಿಳಿ ಭಾಗ ಮತ್ತೆ ಬಾರದು. ಆದ್ದರಿಂದ ಕೆಲಸಗಾರರ ರೂಢಿ ಹೀಗೆ: ನೆಗೆಟಿವ್ ರೀಲಿಗೆ ನೆರಳು ನೋಡಿ ಬೆಳಕು ಅಳೆಯುವುದು, ಡಿಜಿಟಲ್‌ಗೆ ಅತಿ ಬೆಳ್ಳಗಿರುವ ಭಾಗ ನೋಡಿ ಅಳೆಯುವುದು. ಡಿಜಿಟಲ್‌ನಲ್ಲಿ ಜೆಪೆಗ್ ಜತೆಗೆ ರಾ ಫೈಲನ್ನೂ ಉಳಿಸಿಕೊಂಡರೆ ತಿದ್ದುಪಡಿಗೆ ಹೆಚ್ಚು ಅವಕಾಶ.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ಸ್ಮಾರಕ ವಸ್ತುಸಂಗ್ರಹಾಲಯ. ಊರಿನಲ್ಲೇ ಅವರ ಸಮಾಧಿಯೂ ಇದೆ. ಇಲ್ಲಿ ಅವಸರವಿಲ್ಲ. ಮನೆಯ ಹೊರನೋಟ, ಸಮಾಧಿಯ ತೋಟ, ಹಿನ್ನೆಲೆಯ ಬೆಟ್ಟಸಾಲು, ಜತೆಗೆ ಬಂದ ಮನೆಮಂದಿ: ರೀಲಿಗೆ ಹೇಳಿ ಮಾಡಿಸಿದ ಜಾಗ. ಐಎಸ್ಒ 200ರ ರೀಲು, 50 ಮಿಲಿಮೀಟರ್ ಲೆನ್ಸ್, ಹಗಲ ಬೆಳಕು ಇದ್ದರೆ ಸಾಕು. ಸಂಗ್ರಹಾಲಯದ ಒಳಗೆ ಚಿತ್ರ ತೆಗೆಯಬಹುದೇ ಎಂದು ಅಲ್ಲಿಯವರನ್ನು ಕೇಳಿಯೇ ಮುಂದುವರಿಯಬೇಕು.

ಹೊಟ್ಟೆಪಾಡಿನ ಕೆಲಸಕ್ಕೆ

ಕೆಲಸದ ವಿಷಯದಲ್ಲಿ ಉತ್ತರ ನೇರ: ಡಿಜಿಟಲ್. ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆ ಒಂದೇ ಸಲ ಬರುತ್ತದೆ. ಗಟ್ಟಿಮೇಳ ಮೊಳಗುತ್ತಿರುವಾಗ, ಅಕ್ಷತೆ ಬೀಳುತ್ತಿರುವಾಗ, ಮುಂದೆ ನಾಲ್ಕಾರು ಫೋನುಗಳು ಅಡ್ಡ ಬರುವಾಗ ರೀಲು ಬದಲಿಸಲು ಸಮಯವಿಲ್ಲ. ಆ ಗಳಿಗೆ ಬಂದಿದೆಯೋ ಇಲ್ಲವೋ ಎಂಬುದು ಅಲ್ಲೇ ತಿಳಿಯಬೇಕು. ಎರಡು ಕಾರ್ಡ್ ಹಾಕಲು ಬರುವ ಕ್ಯಾಮೆರಾ ಕೊಂಡು, ಪ್ರತಿ ಚಿತ್ರವೂ ಎರಡರಲ್ಲೂ ದಾಖಲಾಗುವಂತೆ ಹೊಂದಿಸುವುದು ಮದುವೆ ಕೆಲಸದವರಿಗೆ ಮೊದಲ ನಿಯಮ. ಎರಡನೆಯದು, ಇನ್ನೊಂದು ಬಾಡಿ. ಹೊಸದಾದ ಒಂದೇ ದುಬಾರಿ ಕ್ಯಾಮೆರಾಕ್ಕಿಂತ ಬಳಸಿದ ಎರಡು ಒಳ್ಳೆಯ ಕ್ಯಾಮೆರಾಗಳು ಛತ್ರದಲ್ಲಿ ಹೆಚ್ಚು ಭದ್ರ. ಒಂದು ಕೆಟ್ಟರೂ ಕೆಲಸ ನಿಲ್ಲದು.

ಮೆಗಾಪಿಕ್ಸೆಲ್ ಬೆನ್ನಟ್ಟುವ ಅಗತ್ಯವಿಲ್ಲ. 24 ಮೆಗಾಪಿಕ್ಸೆಲ್ ಎಂದರೆ 6,000 ಅಡ್ಡ 4,000 ಚುಕ್ಕಿ; ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 20 ಇಂಚು ಅಗಲದ ಪ್ರಿಂಟು. ಪತ್ರಿಕೆಯ ಎ4 ಪುಟಕ್ಕೆ 9 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಸಾಕು. ಉಳಿದ ದುಡ್ಡನ್ನು ಎಫ್/2.8 ಅಥವಾ ಎಫ್/1.8 ಲೆನ್ಸಿಗೆ ಹಾಕಿದರೆ ಛತ್ರದ ಮಂದ ಬೆಳಕಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಶಿಡ್ಲಘಟ್ಟದ ರೇಷ್ಮೆ ಕೆಲಸವನ್ನು ದಾಖಲಿಸುವವರ ಕಷ್ಟ ಬೇರೆಯದು. ಮುಂಜಾನೆಯ ಗೂಡು ಮಾರುಕಟ್ಟೆಯ ಹರಾಜು, ಆವಿ ತುಂಬಿದ ನೂಲು ಬಿಚ್ಚುವ ಘಟಕ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತಿರುವ ಹುಳು: ಎಲ್ಲ ಕಡೆ ಬೆಳಕು ಬದಲಾಗುತ್ತದೆ, ಒಂದೇ ಕೋಣೆಯಲ್ಲಿ ಟ್ಯೂಬ್‌ಲೈಟೂ ಕಿಟಕಿ ಬೆಳಕೂ ಬೆರೆತಿರುತ್ತವೆ. ಬಣ್ಣದ ಸಮತೋಲವನ್ನು ಆಮೇಲೆ ತಿದ್ದಲು ಬರುವ ಡಿಜಿಟಲ್ ಇಲ್ಲಿ ಕೈಬಿಡುವುದಿಲ್ಲ. ಹುಳುಮನೆಗೆ ರೋಗ ತಗಲದಂತೆ ರೈತರು ಎಚ್ಚರ ವಹಿಸುತ್ತಾರೆ. ಒಳಗೆ ಹೋಗುವ ಮುನ್ನ ಕೇಳುವುದು, ಚಪ್ಪಲಿ ಬಿಡುವುದು, ಅವರು ಹೇಳಿದ ಸೋಂಕು ನಿವಾರಕದಲ್ಲಿ ಕಾಲು ಅದ್ದುವುದು, ಕ್ಯಾಮೆರಾ ಬ್ಯಾಗನ್ನು ಹೊರಗೇ ಇಡುವುದು ಛಾಯಾಗ್ರಾಹಕರ ಹೊಣೆ.

ಹಕ್ಕಿಗಳ ವಿಷಯದಲ್ಲೂ ಡಿಜಿಟಲ್ಲೇ ಸರಿ. ನಂದಿ ಬೆಟ್ಟದ ಮರಗಳಲ್ಲಿ ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಕಾಣಸಿಗುತ್ತದೆ. ಎಲೆಗಳ ಮರೆಯಲ್ಲಿ ಕೂತ ಅದಕ್ಕೆ 400 ಮಿಲಿಮೀಟರ್ ಅಥವಾ ಹೆಚ್ಚಿನ ಲೆನ್ಸ್, ಹೆಚ್ಚಿನ ಐಎಸ್ಒ, ಸೆಕೆಂಡಿಗೆ ಹಲವು ಚಿತ್ರಗಳ ವೇಗ ಬೇಕು. ಹೀಗೆ ಹೇಳುವಾಗ ಕರ್ನಾಟಕದ ಹಿರಿಯರನ್ನು ನೆನೆಯಲೇಬೇಕು. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರು ಕಾಡಿನ ಚಿತ್ರಗಳನ್ನು ರೀಲಿನಲ್ಲೇ ತೆಗೆದು ಜಗತ್ತಿಗೆ ತೋರಿಸಿದವರು. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರೆಲ್ಲರ ಹಿಡಿತ ಇದ್ದದ್ದು ಕಾಯುವುದರಲ್ಲಿ, ಬೆಳಕು ಓದುವುದರಲ್ಲಿ. ಅದನ್ನು ಕಲಿಯಲು ಇಂದಿಗೂ ರೀಲಿಗಿಂತ ಒಳ್ಳೆಯ ಗುರುವಿಲ್ಲ. ಗಿರಾಕಿಯ ಕೆಲಸ ಒಪ್ಪಿಕೊಂಡ ದಿನ ಮಾತ್ರ ಆ ಪಾಠ ಬೇಡ.

ರೀಲಿನ ಖರ್ಚು

ಬಣ್ಣದ ಒಂದು ರೋಲ್, ತೊಳೆಸುವ ಖರ್ಚು, ಸ್ಕ್ಯಾನ್ ಸೇರಿ 1,800 ರೂಪಾಯಿ ಎಂದಿಟ್ಟುಕೊಳ್ಳೋಣ. 36 ಚಿತ್ರಕ್ಕೆ ಭಾಗಿಸಿದರೆ ಒಂದಕ್ಕೆ 50 ರೂಪಾಯಿ. ತಿಂಗಳಿಗೆ ಎರಡು ರೋಲ್ ಹಾಕುವವರಿಗೆ ವರ್ಷಕ್ಕೆ 43,200 ರೂಪಾಯಿ ಆಗುತ್ತದೆ. ಇಷ್ಟರಲ್ಲಿ ಬಳಸಿದ ಡಿಜಿಟಲ್ ಕ್ಯಾಮೆರಾವೊಂದನ್ನು ಯೋಚಿಸಬಹುದು. ವರ್ಷಕ್ಕೆ ಮೂರು ನಾಲ್ಕು ರೋಲ್ ಹಾಕುವವರಿಗೆ ಇದು ಹೊರೆಯಾಗದು. ತಮ್ಮ ಲ್ಯಾಬಿನ ದರ ಕೇಳಿಕೊಂಡು ಪ್ರತಿಯೊಬ್ಬರೂ ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಬಣ್ಣದ ನೆಗೆಟಿವ್ ತೊಳೆಯುವ ವಿಧಾನಕ್ಕೆ ಸಿ-41 ಎಂದು ಹೆಸರು. ರಾಸಾಯನಿಕದ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಹತ್ತಿರ ಕದಲದೆ ನಿಲ್ಲಬೇಕಾದ್ದರಿಂದ ಇದನ್ನು ಲ್ಯಾಬಿಗೆ ಬಿಡುವುದು ಒಳ್ಳೆಯದು. ಈ ಸೀಮೆಯವರಿಗೆ ಬೆಂಗಳೂರು ಹತ್ತಿರ. ಕಪ್ಪು-ಬಿಳುಪನ್ನು ಮನೆಯಲ್ಲೇ 20 ಡಿಗ್ರಿಯಲ್ಲಿ ತೊಳೆಯಬಹುದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯವರು ಕೊನೆಯ ತೊಳೆತಕ್ಕೆ ಕೊಳವೆಬಾವಿಯ ಗಡಸು ನೀರು ಬಳಸಬಾರದು. ಒಣಗಿದ ಮೇಲೆ ನೆಗೆಟಿವ್ ಮೇಲೆ ಉಪ್ಪಿನ ಬಿಳಿ ಚುಕ್ಕಿ ಉಳಿಯುತ್ತದೆ. ಶುದ್ಧ ನೀರಿನ ಘಟಕದ ನೀರು ಆಗಬಹುದು. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಅದನ್ನು ಚರಂಡಿಗೆ, ಕೆರೆಗೆ ಸುರಿಯದೆ ಕೂಡಿಟ್ಟು ಲ್ಯಾಬಿನವರಿಗೆ ಒಪ್ಪಿಸುವುದು ಸರಿಯಾದ ಕ್ರಮ.

ಹಳೆಯ ಕ್ಯಾಮೆರಾ ಕೊಳ್ಳುವಾಗ ಹೀಗೆ ಪರೀಕ್ಷಿಸಬೇಕು. ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದರೆ ಜೇಡರ ಬಲೆಯಂಥ ಗೆರೆಗಳು ಕಂಡರೆ ಅದು ಬೂಸ್ಟು, ಬೇಡ. ಬ್ಯಾಟರಿ ಗೂಡಿನಲ್ಲಿ ಹಸಿರು ತುಕ್ಕು ಇರಬಾರದು. ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಅಂಟಂಟಾಗಿ ಉದುರುತ್ತಿದ್ದರೆ ಬೆಳಕು ಒಳನುಗ್ಗುತ್ತದೆ. ಇದನ್ನು ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಒಂದು ಸೆಕೆಂಡಿನ ಶಟರ್ ನಿಜಕ್ಕೂ ಒಂದು ಸೆಕೆಂಡು ತೆರೆದಿರುತ್ತದೆಯೇ ನೋಡಬೇಕು. ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ2 ಮಾದರಿಗಳ ಶಟರ್ ಬ್ಯಾಟರಿ ಇಲ್ಲದೆಯೂ ನಡೆಯುತ್ತದೆ. ಬೆಳಕಿನ ಮೀಟರಿಗೆ ಮಾತ್ರ ಬ್ಯಾಟರಿ ಬೇಕು. ಯಾಶಿಕಾ ಎಲೆಕ್ಟ್ರೊ 35ರಂಥವಕ್ಕೆ ಶಟರಿಗೇ ಬ್ಯಾಟರಿ ಬೇಕು. ಹಿಂದೆ ನಮ್ಮ ಸ್ಟುಡಿಯೊಗಳಲ್ಲಿ ಇರುತ್ತಿದ್ದ ಯಾಶಿಕಾ ಮ್ಯಾಟ್-124ಜಿ ಸಿಕ್ಕರೆ ಅದಕ್ಕೆ 120 ರೋಲ್ ಹಾಕಬೇಕು, ಚಿತ್ರಗಳು 12 ಮಾತ್ರ.

ಪ್ರಯಾಣದ ಬ್ಯಾಗಿನಲ್ಲಿ

ವಿಮಾನದಲ್ಲಿ ಹೋಗುವವರಿಗೆ ಎರಡು ಎಚ್ಚರಿಕೆ. ತೊಳೆಯದ ರೀಲನ್ನು ಎಂದಿಗೂ ಚೆಕ್-ಇನ್ ಸಾಮಾನಿನಲ್ಲಿ ಹಾಕಬಾರದು. ಅಲ್ಲಿನ ಎಕ್ಸ್-ರೇ ಬಲವಾದದ್ದು, ರೀಲು ಮಬ್ಬಾಗುತ್ತದೆ. ಕೈಚೀಲದ ಹಳೆಯ ಎಕ್ಸ್-ರೇ ಯಂತ್ರಗಳು ಐಎಸ್ಒ 800ಕ್ಕಿಂತ ಕಡಿಮೆ ವೇಗದ ರೀಲಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹೊಸದಾಗಿ ಬರುತ್ತಿರುವ ಸಿ.ಟಿ. ಯಂತ್ರಗಳು ಮಾತ್ರ ಎಲ್ಲ ವೇಗದ ರೀಲಿಗೂ ಅಪಾಯ. ರೀಲುಗಳನ್ನು ಪಾರದರ್ಶಕ ಚೀಲದಲ್ಲಿಟ್ಟು, ಕೈಯಲ್ಲೇ ಪರೀಕ್ಷಿಸುವಂತೆ ಭದ್ರತಾ ಸಿಬ್ಬಂದಿಯನ್ನು ವಿನಯದಿಂದ ಕೇಳಬೇಕು. ಒಪ್ಪುವುದು ಅವರಿಗೆ ಬಿಟ್ಟದ್ದು. ಡಿಜಿಟಲ್‌ನವರ ನಿಯಮ ಬೇರೆ: ಬಿಡಿ ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್ ಚೆಕ್-ಇನ್ ಆಗುವಂತಿಲ್ಲ, ಕೈಚೀಲದಲ್ಲೇ ಇರಬೇಕು.

ಬಯಲುಸೀಮೆಯ ಬೇಸಿಗೆ ರೀಲಿಗೆ ಒಗ್ಗದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಬಣ್ಣ ಕೆಡುತ್ತದೆ. ಮನೆಯಲ್ಲಿ ಫ್ರಿಜ್‌ನಲ್ಲಿಟ್ಟ ರೀಲನ್ನು ಡಬ್ಬಿ ತೆರೆಯದೆ ಕೆಲವು ಗಂಟೆ ಹೊರಗಿಟ್ಟು ಬಳಸಬೇಕು. ಡಿಜಿಟಲ್‌ನ ಶತ್ರು ಕೆಮ್ಮಣ್ಣಿನ ಧೂಳು. ಗಾಳಿ ಬೀಸುವಲ್ಲಿ ಲೆನ್ಸ್ ಬದಲಿಸಿದರೆ ಅದು ಸೆನ್ಸರ್ ಮೇಲೆ ಕೂತು ಪ್ರತಿ ಆಕಾಶದಲ್ಲೂ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಸ್ಕಂದಗಿರಿಯಂಥ ಚಾರಣಕ್ಕೆ ಒಂದೇ ಜೂಮ್ ಲೆನ್ಸ್ ಹಾಕಿಕೊಂಡು ಹೋಗುವುದು ಲೇಸು. ಮಳೆಗಾಲದಲ್ಲಿ ಎರಡೂ ಬಗೆಯ ಕ್ಯಾಮೆರಾಗಳನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಬರೀ ಊರು ನೋಡಿ ಮನೆಯವರಿಗೆ ತೋರಿಸುವ ಚಿತ್ರ ಸಾಕೆನ್ನುವವರು ಫೋನನ್ನೇ ನೆಚ್ಚಿಕೊಳ್ಳಬಹುದು. ದೂರದ ಹಕ್ಕಿ, ಕತ್ತಲ ಮಂಟಪ, ದೊಡ್ಡ ಪ್ರಿಂಟು ಬೇಕೆನಿಸಿದಾಗ ಕ್ಯಾಮೆರಾಕ್ಕೆ ದುಡ್ಡು ಹಾಕಿದರಾಯಿತು.

ಉಳಿಸಿಕೊಳ್ಳುವ ಮಾತು

ರೀಲು ಕೈಕೊಡುವುದು ಚಿತ್ರ ತೆಗೆಯುವ ಹೊತ್ತಿನಲ್ಲಿ. ಡಿಜಿಟಲ್ ಕೈಕೊಡುವುದು ವರ್ಷಗಳು ಕಳೆದ ಮೇಲೆ. ಸರಿಯಾಗಿ ತೊಳೆದ ಕಪ್ಪು-ಬಿಳುಪು ನೆಗೆಟಿವ್ ಒಣ ಜಾಗದಲ್ಲಿ ಹಲವು ದಶಕ ಉಳಿಯುತ್ತದೆ, ಅದನ್ನು ನೋಡಲು ಬೆಳಕಿದ್ದರೆ ಸಾಕು. ಮದುವೆಯ ಚಿತ್ರಗಳನ್ನು ಸಿ.ಡಿ.ಯಲ್ಲಿ ಪಡೆದ ಮನೆಗಳಲ್ಲಿ ಇಂದು ಅದನ್ನು ಓದುವ ಯಂತ್ರವೇ ಇಲ್ಲ. ಹಾರ್ಡ್ ಡಿಸ್ಕ್ ಮುನ್ಸೂಚನೆ ಕೊಡದೆ ನಿಲ್ಲಬಹುದು. ಆದ್ದರಿಂದ ಡಿಜಿಟಲ್ ಆರಿಸಿಕೊಂಡವರು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಎಂಬ ರೂಢಿಯನ್ನು ಮೊದಲ ದಿನದಿಂದಲೇ ಪಾಲಿಸಬೇಕು. ವರ್ಷಕ್ಕೊಮ್ಮೆ ಮುಖ್ಯವಾದ ಐವತ್ತು ಚಿತ್ರಗಳನ್ನು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಖು ಬರೆದಿಡಬೇಕು.

ಮನೆಯ ಹಳೆಯ ನೆಗೆಟಿವ್‌ಗಳಿಗೂ ಡಿಜಿಟಲ್ ಕ್ಯಾಮೆರಾವೇ ನೆರವಾಗುತ್ತದೆ. ಸಮನಾದ ಬಿಳಿ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಮ್ಯಾಕ್ರೊ ಲೆನ್ಸಿನಲ್ಲಿ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದರೆ ಒಳ್ಳೆಯ ಪ್ರತಿ ಸಿಗುತ್ತದೆ. ಪ್ರತಿ ಮಾಡಿದ ಮೇಲೆ ಮೂಲವನ್ನು ಎಸೆಯಬಾರದು.

ಹಾಗಾದರೆ ಯಾವುದು?

ಮದುವೆ, ಸುದ್ದಿ, ಹಕ್ಕಿ, ದೇವಾಲಯದ ದಾಖಲೆ, ಉತ್ಪನ್ನಗಳ ಚಿತ್ರ: ಡಿಜಿಟಲ್, ಎರಡು ಕಾರ್ಡ್. ಮನೆಮಂದಿಯ ಜತೆ ಪ್ರವಾಸ: ಹಗುರವಾದ ಡಿಜಿಟಲ್ ಅಥವಾ ಒಳ್ಳೆಯ ಫೋನು. ಬೆಳಕು ಕಲಿಯಬೇಕು, ಕಡಿಮೆ ಚಿತ್ರಗಳನ್ನು ಯೋಚಿಸಿ ತೆಗೆಯಬೇಕು ಎನ್ನುವವರು: ಬ್ಯಾಟರಿ ಇಲ್ಲದೆ ಶಟರ್ ನಡೆಯುವ ರೀಲು ಕ್ಯಾಮೆರಾ, 50 ಮಿಲಿಮೀಟರ್ ಲೆನ್ಸ್, ಕಪ್ಪು-ಬಿಳುಪು ರೀಲು. ಎರಡೂ ಬೇಕೆನ್ನುವವರು ಒಂದೇ ಕಂಪನಿಯ ಬಾಡಿಗಳನ್ನು ನೋಡಿಕೊಂಡರೆ ಕೆಲವು ಲೆನ್ಸುಗಳು ಎರಡಕ್ಕೂ ಆಗುತ್ತವೆ. ಯಾವ ಲೆನ್ಸ್ ಯಾವ ಬಾಡಿಗೆ ಕೂರುತ್ತದೆ ಎಂದು ಕೊಳ್ಳುವ ಮೊದಲೇ ಹಾಕಿ ನೋಡಬೇಕು.

ಬೆಂಗಳೂರಿನಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಒಂದು ಭಾನುವಾರ ಬಾಡಿಗೆಯ ಡಿಜಿಟಲ್ ಒಂದು, ಯಾರಿಂದಲಾದರೂ ಕೇಳಿ ಪಡೆದ ರೀಲು ಕ್ಯಾಮೆರಾ ಒಂದು ಹಿಡಿದು ನಂದಿ, ಭೋಗನಂದೀಶ್ವರ, ಮುದ್ದೇನಹಳ್ಳಿ ಸುತ್ತಿ ಬರಬಹುದು. ಪ್ರತಿ ಜಾಗದಲ್ಲಿ ಎರಡರಲ್ಲೂ ಹನ್ನೆರಡು ಹನ್ನೆರಡು ಚಿತ್ರ, ಒಟ್ಟು ಒಂದು ರೋಲ್. ರೀಲು ತೊಳೆದು ಬಂದ ದಿನ ಎರಡನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಪಕ್ಕಪಕ್ಕ ಇಟ್ಟು, ಆದ ಖರ್ಚನ್ನು ಕೆಳಗೆ ಬರೆದರೆ ತಮ್ಮ ಕೆಲಸಕ್ಕೆ ಯಾವುದು ಸರಿ ಎಂದು ಯಾರಿಗಾದರೂ ತಿಳಿಯುತ್ತದೆ.